ಆಸ್ಪತ್ರೆಯಲ್ಲಿರುವ ನನ್ನ ತಾಯಿಯ ಪರಿಚಯವಿದ್ದರೂ ಮದ್ದು ಕೊಡುವ ಮುನ್ನ ನರ್ಸ್ ಪ್ರತಿಸಲ ಹೆಸರು ಕೇಳುವುದೇಕೆ?

ಒಬ್ಬರ ಮದ್ದು ಇನ್ನೊಬ್ಬರ ಮೈಗೆ ಸೇರದಿರಲೆಂದೇ ಹೀಗೆ ಕೇಳುತ್ತಾರೆ. ದಿನಕ್ಕೆ ಹತ್ತಾರು ಸಲ ಮಾಡುವ ಕೆಲಸದಲ್ಲಿ ಮನಸ್ಸು ತಾನು ನಿರೀಕ್ಷಿಸಿದ್ದನ್ನೇ ಕಣ್ಣಿಗೆ ತೋರಿಸುತ್ತದೆ; ನಡುವೆ ಯಾರಾದರೂ ಕರೆದು ಗಮನ ತಪ್ಪಿಸಿದರಂತೂ ಪಕ್ಕದ ಹಾಸಿಗೆಯ ಮಾತ್ರೆ ಕೈಗೆ ಬಂದದ್ದೂ ತಿಳಿಯುವುದಿಲ್ಲ. ಹಾಸಿಗೆಯ ಸಂಖ್ಯೆ ಬದಲಾಗಬಹುದು, ಆದ್ದರಿಂದ ಹೆಸರು ಮತ್ತು ಆಸ್ಪತ್ರೆಯ ನೋಂದಣಿ ಸಂಖ್ಯೆ ಎರಡನ್ನೂ ವೈದ್ಯರು ಬರೆದ ಮದ್ದಿನ ಚೀಟಿಯೊಂದಿಗೆ ಹೋಲಿಸಬೇಕು.

ಕೇಳುವ ರೀತಿಯೂ ಮುಖ್ಯ. ನಮ್ಮ ಕಾಸರಗೋಡಿನಲ್ಲಿ, ಮಲಯಾಳ ಸರಿಯಾಗಿ ಬಾರದ, ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಆಡುವ ಅಜ್ಜಿಯೊಬ್ಬರನ್ನು "ನೀವು ಲಕ್ಷ್ಮಿಯಮ್ಮನಾ?" ಎಂದು ಮಲಯಾಳದಲ್ಲಿ ಕೇಳಿದರೆ, ಅರ್ಥವಾಗದಿದ್ದರೂ ಸಂಕೋಚದಿಂದ "ಹೂಂ" ಎಂದುಬಿಡುತ್ತಾರೆ. "ನಿಮ್ಮ ಹೆಸರೇನು?" ಎಂದು ಅವರದೇ ಭಾಷೆಯಲ್ಲಿ ಕೇಳಿದಾಗ ಮಾತ್ರ ಉತ್ತರಕ್ಕೆ ಬೆಲೆ.

ಇನ್ಸುಲಿನ್‌ನಂತಹ ಮದ್ದಿಗೆ ಇಷ್ಟು ಸಾಲದು. ನಮ್ಮಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್‌ನ ಮತ್ತು 100 ಯೂನಿಟ್‌ನ ಬಾಟಲಿಗಳೆರಡೂ ಸಿಗುತ್ತವೆ, ಅವುಗಳ ಸಿರಿಂಜುಗಳೂ ಬೇರೆ ಬೇರೆ. 100ರ ಬಾಟಲಿಯಿಂದ 40ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ, ಅಂದರೆ ಅರ್ಧ ಮಿಲಿಲೀಟರ್, ಎಳೆದರೆ ಒಳಗಿರುವುದು 50 ಯೂನಿಟ್. ರಕ್ತದ ಸಕ್ಕರೆ ಕುಸಿದು ರೋಗಿಗೆ ಪ್ರಜ್ಞೆ ತಪ್ಪಲು ಅಷ್ಟು ಸಾಕು. ಹೀಗಾಗಿ ಎರಡನೆಯ ನರ್ಸ್ ಒಬ್ಬರು, ಮೊದಲಿನವರ ಲೆಕ್ಕವನ್ನು ಕೇಳಿಸಿಕೊಳ್ಳದೆ, ತಾವೇ ಚೀಟಿ ಓದಿ ಅಳತೆ ನೋಡಬೇಕು. ಕೇಳಿಸಿಕೊಂಡು ತಲೆಯಾಡಿಸಿದರೆ ಅದೇ ತಪ್ಪು ಎರಡು ಬಾಯಲ್ಲಿ ಬಂದಂತಾಗುತ್ತದೆ.

ಮಾತ್ರೆಯ ಬಣ್ಣ ನಿನ್ನೆಯಂತಿಲ್ಲ ಎಂದು ನಿಮ್ಮ ತಾಯಿಗೆ ಅನಿಸಿದರೆ ನುಂಗುವ ಮೊದಲೇ ಕೇಳಲಿ. ಯಾವ ನರ್ಸಿಗೂ ಅದರಿಂದ ಅವಮಾನವಾಗುವುದಿಲ್ಲ.