ಕಾಫಿ ತೋಟದ ಓಡಾಟಕ್ಕೆ ಕೊಂಡ ಹಳೆಯ ಥಾರ್ ಸಿಆರ್‌ಡಿಇಗೆ ಮೊದಲು ಯಾವ ಮಾರ್ಪಾಡು ಮಾಡಿಸಬೇಕು?

ಸಕಲೇಶಪುರದ ಕಡೆಯ ತೋಟದ ಓಡಾಟಕ್ಕೆಂದು ನೀವು 2016ರ ಮಹೀಂದ್ರ ಥಾರ್ ಸಿಆರ್‌ಡಿಇ (ಕಾಮನ್ ರೈಲ್ ಡೀಸೆಲ್ ಎಂಜಿನ್ನಿನ ಜೀಪು) ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದೀರಿ. ಗಾಡಿಯನ್ನು ಮೂರು ಇಂಚು ಎತ್ತರಿಸುವ ಲಿಫ್ಟ್ ಕಿಟ್, 33 ಇಂಚಿನ ಮಡ್ ಟಯರು, ಎಂಜಿನ್ನಿಗೆ ಎತ್ತರದಿಂದ ಗಾಳಿ ಕೊಡುವ ಸ್ನಾರ್ಕಲ್ ಮತ್ತು ಸಿಕ್ಕಿಬಿದ್ದ ಗಾಡಿಯನ್ನು ಹಗ್ಗದಿಂದ ಎಳೆಯುವ ವಿಂಚ್ ಹಾಕಿಸಲು ಒಂದು ಗ್ಯಾರೇಜಿನವರು ಸಲಹೆ ಕೊಟ್ಟಿದ್ದಾರೆ. ಹಿಂದಿನ ಮಾಲೀಕರು ಹಾಕಿಸಿದ ಕಬ್ಬಿಣದ ಬಂಪರ್ ಮತ್ತು ಎಲ್‌ಇಡಿ ದೀಪದ ಪಟ್ಟಿ ಈಗಾಗಲೇ ಗಾಡಿಯಲ್ಲಿವೆ. ಎಲ್ಲಿಂದ ಆರಂಭಿಸಬೇಕು, ಏನನ್ನು ಬಿಡಬೇಕು ಎಂದು ಕೇಳಿದ್ದೀರಿ. ಮೂಡಿಗೆರೆ ಸೀಮೆಯಲ್ಲಿ ಇದೇ ಮಾದರಿಯ ಗಾಡಿಯನ್ನು ತೋಟದ ಕೆಲಸಕ್ಕೆ ಬಳಸುತ್ತಿರುವವನಾಗಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ವರ್ಷದ ಹಣವನ್ನು ಟಯರಿಗೆ, ಎಳೆದು ತೆಗೆಯುವ ಸಾಮಾನಿಗೆ ಮತ್ತು ಗಾಡಿಯ ತಳಭಾಗದ ದುರಸ್ತಿಗೆ ಬಳಸಿರಿ. ಎತ್ತರ ಹೆಚ್ಚಿಸುವ ಕೆಲಸವನ್ನು ಈಗ ಮಾಡಿಸಬೇಡಿರಿ. ಒಂದು ಮಳೆಗಾಲ ಪೂರ್ತಿ ಓಡಿಸಿದ ಮೇಲೆ ನಿಮ್ಮದೇ ದಾರಿಯಲ್ಲಿ ಗಾಡಿಯ ತಳ ನಿಜವಾಗಿ ಎಲ್ಲಿ ತಾಗುತ್ತದೆ ಎಂಬುದನ್ನು ನೋಡಿ ಆಮೇಲೆ ತೀರ್ಮಾನಿಸಿರಿ.

ಎತ್ತರದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನ ಹಣ ಪೋಲಾಗುವುದು ಇಲ್ಲಿಯೇ. ನಿಮ್ಮ ಗಾಡಿಯ ಹಿಂಭಾಗದಲ್ಲಿ ಲೀಫ್ ಸ್ಪ್ರಿಂಗಿನ ಮೇಲೆ ಕೂತ ಗಟ್ಟಿ ಆಕ್ಸಲ್ (ಎರಡು ಚಕ್ರಗಳನ್ನೂ ಜೋಡಿಸುವ ಅಡ್ಡ ದಂಡ) ಇದೆ. ಮುಂಭಾಗದಲ್ಲಿ ಎರಡು ಚಕ್ರಗಳೂ ಬೇರೆ ಬೇರೆಯಾಗಿ ಆಡುವ, ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಟಾರ್ಷನ್ ಬಾರ್ ಎಂಬ ಸರಳು ಹೊತ್ತುಕೊಂಡ ಸಸ್ಪೆನ್ಷನ್ ಇದೆ. ತೋಟದ ದಾರಿಯ ನಡುವಿನ ಕಲ್ಲಿಗೆ ಸಾಮಾನ್ಯವಾಗಿ ಮೊದಲು ತಾಗುವುದು ಹಿಂದಿನ ಡಿಫರೆನ್ಷಿಯಲ್ ಗುಂಡು, ಎಂದರೆ ಎರಡು ಚಕ್ರಗಳಿಗೂ ಬಲ ಹಂಚುವ ಗೇರುಗಳ ದುಂಡು ಪೆಟ್ಟಿಗೆ. ಆ ಗುಂಡು ಆಕ್ಸಲಿನ ಭಾಗವೇ ಆಗಿರುವುದರಿಂದ ಸ್ಪ್ರಿಂಗನ್ನು ಎಷ್ಟು ಎತ್ತರಿಸಿದರೂ ಅದು ಇದ್ದಲ್ಲಿಯೇ ಇರುತ್ತದೆ. ಮೇಲೇಳುವುದು ಬಾಡಿ ಮತ್ತು ಚಾಸಿ ಮಾತ್ರ. ಮುಂಭಾಗದಲ್ಲಿ ಟಾರ್ಷನ್ ಬಾರನ್ನು ಬಿಗಿದು ಎತ್ತರ ಮಾಡಿದರೆ ಚಕ್ರವು ಕೆಳಕ್ಕೆ ಇಳಿಯಬಹುದಾಗಿದ್ದ ಅಂತರ ಅಷ್ಟಷ್ಟೇ ಕಡಿಮೆಯಾಗುತ್ತದೆ, ಆದ್ದರಿಂದ ಗುಂಡಿ ಬಂದಾಗ ಚಕ್ರ ನೆಲ ಬಿಟ್ಟು ಗಾಳಿಯಲ್ಲಿ ತಿರುಗುವ ಸಂಭವ ಹೆಚ್ಚುತ್ತದೆ. ಜೊತೆಗೆ ಮುಂದಿನ ಡ್ರೈವ್ ಶಾಫ್ಟು ಹೆಚ್ಚು ಓರೆಯಾಗಿ ಕೆಲಸ ಮಾಡಬೇಕಾಗುವುದರಿಂದ ಅದರ ರಬ್ಬರ್ ಬೂಟು ಬೇಗ ಹರಿಯುತ್ತದೆ, ಗ್ರೀಸು ಹೊರಬಿದ್ದು ಕೆಮ್ಮಣ್ಣು ಒಳಸೇರುತ್ತದೆ, ಜಾಯಿಂಟ್ ಹಾಳಾಗುತ್ತದೆ. ಹಿಂದೆ, ಆಕ್ಸಲಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿ ಅದರ ತುದಿಯ ಕೀಲುಗಳಾದ ಕ್ರಾಸ್‌ಗಳು ಸವೆಯುತ್ತವೆ. ಇಷ್ಟೆಲ್ಲ ಆಗಿಯೂ, ಶಿರಾಡಿ ಅಥವಾ ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಗಾಡಿ ಮೊದಲಿಗಿಂತ ಹೆಚ್ಚು ವಾಲುತ್ತದೆ.

ಆ ಗುಂಡು ಮೇಲೇಳಬೇಕಾದರೆ ಟಯರು ದೊಡ್ಡದಾಗಬೇಕು ಎಂಬುದು ನಿಜ. ಆದರೆ ಅದರ ಲೆಕ್ಕವನ್ನೂ ನೋಡಿರಿ. ನಿಮ್ಮ ಗಾಡಿಗೆ ಕಂಪನಿಯಿಂದ ಬಂದದ್ದು 235/70 ಆರ್16 ಟಯರು, ಅದರ ವ್ಯಾಸ ಸುಮಾರು 735 ಮಿಲಿಮೀಟರ್. 33 ಇಂಚಿನ ಟಯರಿನ ವ್ಯಾಸ ಸುಮಾರು 838 ಮಿಲಿಮೀಟರ್. ನಡುವಿನ ಅಂತರದ ಅರ್ಧದಷ್ಟು, ಎಂದರೆ ಎರಡು ಇಂಚಿನಷ್ಟು ಮಾತ್ರ ಆಕ್ಸಲ್ ಮೇಲೇಳುತ್ತದೆ. ಅದಕ್ಕಾಗಿ ಒಟ್ಟು ಗೇರಿಂಗ್ ಶೇಕಡಾ 14ರಷ್ಟು ಉದ್ದವಾಗುತ್ತದೆ, ಎಂದರೆ ಎಂಜಿನ್ನಿನ ಒಂದು ಸುತ್ತಿಗೆ ಗಾಡಿ ಅಷ್ಟು ಹೆಚ್ಚು ದೂರ ಸಾಗುತ್ತದೆ: ಮೀಟರು 70 ತೋರಿಸುವಾಗ ಗಾಡಿ ಸುಮಾರು 80ರಲ್ಲಿ ಓಡುತ್ತಿರುತ್ತದೆ, ಏರಿನಲ್ಲಿ ಕ್ಲಚ್ಚು ಹೆಚ್ಚು ಉರಿಯುತ್ತದೆ, ಭಾರವಾದ ಚಕ್ರವನ್ನು ನಿಲ್ಲಿಸಲು ಅದೇ ಹಳೆಯ ಬ್ರೇಕು ಹೆಣಗಬೇಕಾಗುತ್ತದೆ. 105 ಅಶ್ವಶಕ್ತಿಯ, 247 ನ್ಯೂಟನ್ ಮೀಟರ್ ಟಾರ್ಕಿನ ಆ ಎಂಜಿನ್ ಒಳ್ಳೆಯ ಎಂಜಿನ್ನೇ. ಆದರೆ ಮೂಟೆ ಹೇರಿಕೊಂಡು ಲೋ ಗೇರಿನಲ್ಲಿ ಏರು ಹತ್ತುವ ಗುಣವೇ ತೋಟದವರಿಗೆ ಅದರಿಂದ ಬೇಕಾದದ್ದು, ಅದನ್ನೇ ನಾವು ಕೈಯಾರೆ ಕಳೆದುಕೊಳ್ಳಬಾರದು.

ಆದ್ದರಿಂದ ಕಂಪನಿಯ ಅಳತೆಯಲ್ಲಿಯೇ ಒಳ್ಳೆಯ ಆಲ್ ಟೆರೇನ್ ಟಯರನ್ನು ಹಾಕಿಸಿರಿ. ಮಡ್ ಟಯರು ಕೆಸರಿನಲ್ಲಿ ಅದಕ್ಕಿಂತ ಮೇಲು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಅದರ ಮೇಲ್ಮೈಯ ದಪ್ಪ ರಬ್ಬರ್ ಕಟ್ಟೆಗಳಲ್ಲಿ ನೀರನ್ನು ಕತ್ತರಿಸುವ ಸಣ್ಣ ಸೀಳುಗಳು ಕಡಿಮೆ ಇರುವುದರಿಂದ ಒದ್ದೆ ಟಾರು ರಸ್ತೆಯಲ್ಲಿ ಗಾಡಿ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ನೀವು ಪ್ರತಿ ವಾರ ಬೆಂಗಳೂರಿನಿಂದ ಬರುವವರು. ತೋಟದ ಒಳಗೆ ಓಡಿಸುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ದೂರ ಹೆದ್ದಾರಿಯಲ್ಲಿ ಓಡಿಸುತ್ತೀರಿ. ಆರಿದ್ರಾ ಮಳೆಯಿಂದ ಆಶ್ಲೇಷಾ ಮಳೆಯವರೆಗಿನ ಜಾರಿಕೆಗೆ ನಮ್ಮ ಮಲೆನಾಡಿನ ಜೀಪಿನವರು ಬಹಳ ಹಿಂದಿನಿಂದ ಬಳಸುತ್ತಿರುವ ಕಬ್ಬಿಣದ ಚೈನನ್ನೇ ಒಂದು ಜೊತೆ ಮಾಡಿಸಿ ಇಟ್ಟುಕೊಳ್ಳಿರಿ. ಹಿಂದಿನ ಚಕ್ರಗಳಿಗೆ ಚೈನು ಕಟ್ಟಿ, ಫೋರ್ ವೀಲ್ ಹಾಕಿ (ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಕೊಟ್ಟು) ನಿಧಾನವಾಗಿ ಹತ್ತಿಸಿದರೆ ದುಬಾರಿ ಮಡ್ ಟಯರೂ ಕೈಬಿಡುವ ಜೇಡಿಮಣ್ಣಿನ ಏರನ್ನು ಗಾಡಿ ಹತ್ತಿ ಹೋಗುವುದನ್ನು ನಾನು ಪ್ರತಿ ಮಳೆಗಾಲದಲ್ಲಿಯೂ ನೋಡುತ್ತೇನೆ. ಟಾರು ರಸ್ತೆ ಸೇರುವ ಮೊದಲು ಚೈನು ಬಿಚ್ಚುವುದನ್ನು ಮಾತ್ರ ಮರೆಯಬಾರದು.

ಇನ್ನು ಟಯರಿನ ಗಾಳಿ. ಕೆಸರಿನಲ್ಲಿಯೂ ಕಲ್ಲುದಾರಿಯಲ್ಲಿಯೂ ಗಾಳಿಯನ್ನು 18ರಿಂದ 20 ಪಿಎಸ್‌ಐವರೆಗೆ ಇಳಿಸಿದರೆ ಟಯರು ನೆಲವನ್ನು ಹೆಚ್ಚು ಉದ್ದಕ್ಕೆ ಹಿಡಿಯುತ್ತದೆ, ಕಲ್ಲಿನ ಸುತ್ತ ಬಾಗುತ್ತದೆ, ಕೂತವರ ಬೆನ್ನಿಗೂ ಸುಖ. ಹಾಗೆ ಇಳಿಸಿದಾಗ ವೇಗವನ್ನು ಕಡಿಮೆ ಇಡಬೇಕು, ಡಾಂಬರು ಸೇರುವ ಮೊದಲು ಮತ್ತೆ ತುಂಬಿಸಬೇಕು. ಆದಕಾರಣ ಬ್ಯಾಟರಿಗೆ ಕ್ಲಿಪ್ ಹಾಕಿ ಓಡಿಸುವ ಒಂದು ಗಟ್ಟಿಮುಟ್ಟಾದ ಕಂಪ್ರೆಸರ್ ಮತ್ತು ನಂಬಬಹುದಾದ ಗಾಳಿ ಮಾಪಕವನ್ನು ಕೊಂಡುಕೊಳ್ಳಿರಿ. ಗ್ಯಾರೇಜಿನವರು ಕೊಟ್ಟ ಪಟ್ಟಿಯಲ್ಲಿರುವ ಯಾವ ಸಾಮಾನೂ ಇಷ್ಟು ಕಡಿಮೆ ಹಣಕ್ಕೆ ಇಷ್ಟು ಪ್ರಯೋಜನ ಕೊಡುವುದಿಲ್ಲ ಎಂದು ನಾನು ಖಚಿತವಾಗಿ ಹೇಳಬಲ್ಲೆ.

ವಿಂಚ್ ಬೇಕೇ ಎಂಬುದು ನೀವು ಒಬ್ಬರೇ ಓಡಾಡುತ್ತೀರಾ ಎಂಬುದರ ಮೇಲೆ ನಿಂತಿದೆ. ಟ್ರ್ಯಾಕ್ಟರೋ ಪಕ್ಕದ ತೋಟದವರ ಜೀಪೋ ಕರೆದರೆ ಬರುವಂತಿದ್ದರೆ, ಚಾಸಿಗೆ ನೇರವಾಗಿ ಬೋಲ್ಟ್ ಮಾಡಿದ ಎರಡು ಭದ್ರವಾದ ಎಳೆಯುವ ಕೊಕ್ಕೆಗಳು, ಎಷ್ಟು ತೂಕ ತಾಳುತ್ತದೆ ಎಂದು ಮುದ್ರಿಸಿರುವ, ಶಾಕಲ್ ಎಂಬ ಕಬ್ಬಿಣದ ಕೊಂಡಿಗಳು ಮತ್ತು ಗಾಡಿ ಎಳೆಯುವ ಒಂದು ಒಳ್ಳೆಯ ಪಟ್ಟಿ ಸಾಕು. ಟ್ರೇಲರ್ ಸಿಕ್ಕಿಸುವ ಗುಂಡಿಗೆ ಎಂದಿಗೂ ಹಗ್ಗ ಹಾಕಿ ಜಗ್ಗಿಸಬೇಡಿರಿ. ಅದು ಮುರಿದು ಹಾರಿದರೆ ಹಿಂದಿನ ಗಾಡಿಯ ಗಾಜನ್ನು ಸೀಳಿಕೊಂಡು ಹೋಗಿ ಪ್ರಾಣ ತೆಗೆಯಬಲ್ಲುದು. ವಿಂಚ್ ಹಾಕಿಸುವುದೇ ಆದರೆ ಹೊರೆ ಸಮೇತ ಗಾಡಿಯ ತೂಕದ ಒಂದೂವರೆ ಪಟ್ಟಿನಷ್ಟು ಎಳೆಯುವ ಶಕ್ತಿಯದ್ದನ್ನು ಆರಿಸಿರಿ. ಎಳೆಯುವಾಗ ಹಗ್ಗದ ಮೇಲೆ ಕಂಬಳಿಯನ್ನೋ ಗೋಣಿಚೀಲವನ್ನೋ ಹಾಕಿ ಜನರನ್ನು ದೂರ ನಿಲ್ಲಿಸಿರಿ. ಸಿಲ್ವರ್ ಓಕ್ ಮರಕ್ಕೆ ಕಟ್ಟುವಾಗ ತೊಗಟೆ ಸುಲಿಯದಂತೆ ಅಗಲ ಪಟ್ಟಿಯನ್ನು ಬಳಸಿರಿ, ಏಕೆಂದರೆ ಕಾಳುಮೆಣಸಿನ ಬಳ್ಳಿ ಹಬ್ಬಿರುವುದು ಅದೇ ಮರದ ಮೇಲೆ.

ಸ್ನಾರ್ಕಲ್ ಇದ್ದರೆ ಹಳ್ಳ ದಾಟಬಹುದು ಎಂದು ಗ್ಯಾರೇಜಿನವರು ಹೇಳಿದ್ದಾಗಿ ಬರೆದಿದ್ದೀರಿ. ಎಂಜಿನ್ ಗಾಳಿ ಎಳೆದುಕೊಳ್ಳುವ ಬಾಯನ್ನು ಅದು ಮೇಲಕ್ಕೆ ಒಯ್ಯುತ್ತದೆ, ಅಷ್ಟೇ. ಆಕ್ಸಲ್, ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸುಗಳಿಗೆ (ಮುಂದಿನ, ಹಿಂದಿನ ಚಕ್ರಗಳಿಗೆ ಬಲ ಹಂಚುವ ಪೆಟ್ಟಿಗೆ) ಉಸಿರಾಡಲು ಬ್ರೀದರ್ ಎಂಬ ಸಣ್ಣ ರಂಧ್ರಗಳಿರುತ್ತವೆ. ಓಡಿ ಬಿಸಿಯಾದ ಡಿಫರೆನ್ಷಿಯಲ್ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗುತ್ತದೆ, ಬ್ರೀದರ್ ಮುಚ್ಚಿದ್ದರೆ ಅಥವಾ ನೀರಿನೊಳಗಿದ್ದರೆ ಅಲ್ಲಿಂದಲೋ ಸೀಲಿನ ಅಂಚಿನಿಂದಲೋ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ಎಣ್ಣೆಯ ಪ್ಲಗ್ ಬಿಚ್ಚಿದರೆ ಹೊರಬರುವುದು ಹಾಲು ಬೆರೆಸಿದ ಕಾಫಿಯಂಥ ದ್ರವ. ಅದರಲ್ಲಿ ಓಡಿದ ಬೇರಿಂಗುಗಳು ಹೆಚ್ಚು ಕಾಲ ಉಳಿಯುವುದಿಲ್ಲ. ಆದ್ದರಿಂದ ಆ ಬ್ರೀದರ್‌ಗಳಿಗೆ ರಬ್ಬರ್ ಕೊಳವೆ ಜೋಡಿಸಿ ಬಾನೆಟ್ಟಿನ ಎತ್ತರಕ್ಕೆ ಒಯ್ಯುವ ಕೆಲಸವನ್ನು ಸ್ನಾರ್ಕಲ್ಲಿಗಿಂತ ಮೊದಲು ಮಾಡಿಸಿರಿ. ಖರ್ಚು ಬಹಳ ಕಡಿಮೆ. ನೀರು ಚಕ್ರದ ನಡುಭಾಗ ಮೀರಿದರೆ ದಾಟದಿರುವುದೇ ಲೇಸು. ಸೆಳವಿರುವ ಹಳ್ಳಕ್ಕಂತೂ ಯಾವ ಗಾಡಿಯೂ ಸಾಟಿಯಲ್ಲ.

ನಿರ್ವಹಣೆಯಲ್ಲಿ ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕೆಂದಿರುವುದು ಡೀಸೆಲ್ಲಿನ ಬಗ್ಗೆ. ಪಂಪ್‌ಸೆಟ್ಟಿಗೆಂದೋ ಜನರೇಟರಿಗೆಂದೋ ತೋಟದಲ್ಲಿ ಬ್ಯಾರಲ್ಲಿನಲ್ಲಿ ಇಟ್ಟ ಡೀಸೆಲ್ಲಿಗೆ ಮಳೆಗಾಲದ ತೇವದಿಂದ ನೀರು ಸೇರುತ್ತದೆ. ಹಳೆಯ ಮೇಜರ್, ಕಮಾಂಡರ್ ಜೀಪುಗಳು ಅದನ್ನು ಹೇಗೋ ಸಹಿಸುತ್ತಿದ್ದವು. ನಿಮ್ಮದು ಕಾಮನ್ ರೈಲ್ ಎಂಜಿನ್, ಅದರ ಪಂಪು ಮತ್ತು ಇಂಜೆಕ್ಟರುಗಳು ಅತ್ಯಂತ ಹೆಚ್ಚಿನ ಒತ್ತಡದಲ್ಲಿ ಕೆಲಸ ಮಾಡುವ ಸೂಕ್ಷ್ಮ ಭಾಗಗಳು. ನೀರು ಸೇರಿದರೆ ಅವು ತುಕ್ಕು ಹಿಡಿದು ಕೆಡುತ್ತವೆ, ಬದಲಿಸುವ ಖರ್ಚು ನಿಮ್ಮ ಮಾರ್ಪಾಡಿನ ಹಣದ ದೊಡ್ಡ ಪಾಲನ್ನು ನುಂಗುತ್ತದೆ. ಬ್ಯಾರಲ್ಲಿನ ಡೀಸೆಲ್ಲನ್ನು ಈ ಗಾಡಿಗೆ ಹಾಕಲೇಬೇಡಿರಿ, ಫಿಲ್ಟರಿನ ತಳದಲ್ಲಿ ಸೇರುವ ನೀರನ್ನು ಆಗಾಗ ಹೊರಬಿಡಿಸಿರಿ.

ಕೆಸರಿನಲ್ಲಿ ಓಡಿಸಿದ ದಿನವೇ ತಳಭಾಗವನ್ನು ತೊಳೆಯಿರಿ. ಚಾಸಿಯ ಒಳಮೂಲೆಗಳಲ್ಲಿ, ಲೀಫ್ ಸ್ಪ್ರಿಂಗಿನ ಪಟ್ಟಿಗಳ ನಡುವೆ, ಹಿಂದಿನ ಬ್ರೇಕ್ ಡ್ರಮ್ಮಿನೊಳಗೆ ಕೂತ ಮಣ್ಣು ತೇವವನ್ನು ಹಿಡಿದಿಟ್ಟು ಕಬ್ಬಿಣವನ್ನು ತಿನ್ನುತ್ತದೆ. ಒತ್ತಡದ ನೀರನ್ನು ಸೀಲುಗಳಿಗೂ ವೈರಿಂಗ್ ಕನೆಕ್ಟರುಗಳಿಗೂ ನೇರವಾಗಿ ಹಿಡಿಯಬಾರದು. ತೊಳೆದ ಮೇಲೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸುಗಳಿಗೆ, ಹಳೆಯ ಗ್ರೀಸು ಹೊರಬರುವವರೆಗೆ, ಹೊಸ ಗ್ರೀಸನ್ನು ಒತ್ತಿಸಿರಿ. ತುಕ್ಕು ತಡೆಯುವ ಲೇಪನವನ್ನು ಬೇಸಗೆಯಲ್ಲಿ, ತಳ ಪೂರ್ತಿ ಒಣಗಿದ ಮೇಲೆ, ಇರುವ ತುಕ್ಕನ್ನು ಉಜ್ಜಿ ತೆಗೆದು ಹೊಡೆಸಬೇಕು; ತೇವದ ಮೇಲೆಯೇ ಬಳಿದರೆ ಒಳಗೊಳಗೇ ಕೊಳೆಯುತ್ತದೆ, ಹೊರಗೆ ತಿಳಿಯುವುದಿಲ್ಲ. ಫೋರ್ ವೀಲ್ ಲಿವರನ್ನು ತಿಂಗಳಿಗೊಮ್ಮೆಯಾದರೂ ಮಣ್ಣುದಾರಿಯಲ್ಲಿ ಹಾಕಿ ಸ್ವಲ್ಪ ದೂರ ಓಡಿಸಿರಿ. ಒಣಗಿದ ಡಾಂಬರಿನ ಮೇಲೆ ಮಾತ್ರ ಬೇಡ, ಅಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ತಿರುಗುವಿಕೆಯ ವ್ಯತ್ಯಾಸ ಜಾರಿ ಹೋಗಲು ದಾರಿಯಿಲ್ಲದೆ ಗೇರುಗಳ ಮೇಲೆ ಬಿಗಿತ ಏರುತ್ತದೆ.

ಕಾನೂನಿನ ಮಾತನ್ನೂ ತಿಳಿದಿರಿ. ಆರ್‌ಸಿಯಲ್ಲಿ ನಮೂದಾದ, ತಯಾರಕರು ನಿಗದಿ ಮಾಡಿದ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಂ ಪ್ರಕಾರ, ಕಾನೂನು ಒಪ್ಪದ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡೂ ಆಗಬಹುದು. ದಂಡಕ್ಕಿಂತ ನನಗೆ ಹೆಚ್ಚು ಚಿಂತೆಯಾಗುವುದು ವಿಮೆಯದು. ಅಪಘಾತವಾದಾಗ, ತಿಳಿಸದೆ ಮಾಡಿದ ಬದಲಾವಣೆಯನ್ನು ತೋರಿಸಿ ವಿಮಾ ಕಂಪನಿ ಪರಿಹಾರದ ಬಗ್ಗೆ ತಕರಾರು ತೆಗೆಯಬಹುದು.

ಈ ಕಾರಣಕ್ಕಾಗಿಯೇ ಹಿಂದಿನ ಮಾಲೀಕರ ಕಬ್ಬಿಣದ ಬಂಪರನ್ನು ತೆಗೆಸಿ ಕಂಪನಿಯ ಬಂಪರನ್ನು ಹಾಕಿಸಿರಿ ಎನ್ನುತ್ತೇನೆ. ಗಾಡಿಯ ಮುಂದೆ ಕಟ್ಟುವ ಇಂಥ ಕಬ್ಬಿಣದ ಗಾರ್ಡುಗಳ ಮೇಲೆ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿಯೇ ರಾಜ್ಯಗಳಿಗೆ ಬರೆದಿದೆ. ಕಾನೂನು ಹಾಗಿರಲಿ, ಬಡಿತದ ರಭಸವನ್ನು ಅದು ಮೆತ್ತಗಾಗಿಸದೆ ಚಾಸಿಗೆ ದಾಟಿಸುತ್ತದೆ, ಎದುರಿಗೆ ಸಿಕ್ಕ ಪಾದಚಾರಿಗೆ ಹೆಚ್ಚಿನ ಗಾಯ ಮಾಡುತ್ತದೆ, ಮುಂದಿನ ಸಸ್ಪೆನ್ಷನ್ ಮೇಲೆ ಸುಮ್ಮನೆ ಭಾರವಾಗುತ್ತದೆ. ದೀಪದ ಪಟ್ಟಿಯನ್ನೂ ತೆಗೆಸಿರಿ. ಘಾಟಿಯಲ್ಲಿ ಎದುರಿನವರ ಕಣ್ಣು ಕುಕ್ಕುವ ಬೆಳಕು ಮಂಜಿನಲ್ಲಿ ನಮಗೇ ತಿರುಗಿ ಹೊಡೆಯುತ್ತದೆ. ಅದನ್ನು ಬಿಚ್ಚುವಾಗ ಅದರ ವೈರು ರಿಲೇ ಮತ್ತು ಫ್ಯೂಸ್ ಇಲ್ಲದೆ ಹೆಡ್‌ಲೈಟಿನ ತಂತಿಗೇ ಸೇರಿಸಲಾಗಿದೆಯೇ ಎಂದು ಒಬ್ಬ ಒಳ್ಳೆಯ ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷೆ ಮಾಡಿಸಿರಿ. ಹಾಗಿದ್ದರೆ ಆ ಜೋಡಣೆಯನ್ನು ಪೂರ್ತಿ ಬಿಡಿಸಿ, ಮೂಲ ವೈರಿಂಗನ್ನು ಸರಿಪಡಿಸಿದ ಮೇಲೆಯೇ ಗಾಡಿಯನ್ನು ಘಾಟಿಗೆ ಇಳಿಸಿರಿ.