ಹಳೆ ಫೈರ್ ಇಂಜಿನ್ ಮಾಡೆಲ್ ಭಾರ ಇದ್ರೆ ಒಳ್ಳೆ ಕ್ವಾಲಿಟಿ ಅಂತ ಹೇಳ್ಬಹುದಾ?

ನೀವು ಕೇಳಿದ್ದು, ಒಬ್ರು ಹಳೆ ಡೈಕಾಸ್ಟ್ ಫೈರ್ ಇಂಜಿನ್ ಮಾಡೆಲ್ 6,000 ರೂಪಾಯಿಗೆ ಕೊಡ್ತೇನೆ ಅಂತಿದ್ದಾರೆ, ಕೈಯಲ್ಲಿ ಹಿಡಿದ್ರೆ ಒಳ್ಳೆ ಭಾರ ಉಂಟು, ತಗೊಳ್ಬಹುದಾ ಅಂತ. ದಯವಿಟ್ಟು ಭಾರ ನೋಡಿ ದುಡ್ಡು ಕೊಡ್ಬೇಡಿ. ನಾನು ಉಡುಪಿಯಲ್ಲಿ ಇರುದು, ಹತ್ತು ವರ್ಷದಿಂದ ಇದನ್ನೇ ಕೂಡಿಡ್ತಾ ಬಂದವ, ಹಾಳಾದ ಮಾಡೆಲ್ ಕೂಡ ಅಷ್ಟೇ ಭಾರ ಇರ್ತದೆ.

ಮೊದಲು ಅದನ್ನು ಮಗುಚಿ ಅಡಿ ನೋಡಿ. ಡೈಕಾಸ್ಟ್ ಅಂದ್ರೆ ಕರಗಿಸಿದ ಲೋಹವನ್ನು ಅಚ್ಚಿಗೆ ಒತ್ತಿ ಎರಕ ಹೊಯ್ದದ್ದು, ಇಂಥ ಮಾಡೆಲ್‌ಗಳಲ್ಲಿ ಅದು ಹೆಚ್ಚಾಗಿ ಸತುವಿನ ಮಿಶ್ರಲೋಹ, ಎರಕ ಹೊಯ್ಯುವಾಗ ಅದ್ರಲ್ಲಿ ಸ್ವಲ್ಪ ಸೀಸ ಸೇರಿ ಹೋದ್ರೂ ಸಾಕು, ವರ್ಷಗಟ್ಟಲೆ ಆದ ಮೇಲೆ ಲೋಹ ಒಳಗಿಂದಲೇ ಉಬ್ಬಿ ಬಿರುಕು ಬಿಡ್ತದೆ, ಇದಕ್ಕೆ ಜಿಂಕ್ ಪೆಸ್ಟ್ ಅಂತಾರೆ. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ತಯಾರಾಗ್ತಿದ್ದ ಡಿಂಕಿ ಟಾಯ್ಸ್ ಅನ್ನುವ ಆಟಿಕೆ ಗಾಡಿ ಬ್ರ್ಯಾಂಡ್‌ನ ಎರಡನೇ ಮಹಾಯುದ್ಧಕ್ಕಿಂತ ಮೊದಲಿನ ಮಾಡೆಲ್‌ಗಳಲ್ಲಿ ಈ ತೊಂದರೆ ತುಂಬ. ತೇವ ಇದ್ದಷ್ಟು ಇದು ಬೇಗ ಹೆಚ್ಚಾಗ್ತದೆ, ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಕಪಾಟಿನಲ್ಲಿಟ್ಟ ಚಪ್ಪಲಿಗೇ ಬೂಷ್ಟು ಬರುವಾಗ ಇದರ ಗತಿ ಎಂತ ಹೇಳಿ. ನನ್ನ ಹತ್ರ ಒಂದು ಲ್ಯಾಡರ್ ಟ್ರಕ್ ಇತ್ತು, ಏಣಿಯ ಬುಡದಲ್ಲಿ ಕೂದಲೆಳೆಯಷ್ಟು ಗೀರು, ಪೈಂಟ್ ಬಿರಿದದ್ದು ಅಂದ್ಕೊಂಡು ತಗೊಂಡೆ, ಎರಡು ಮಳೆಗಾಲ ಕಳೆದು ಒಂದಿನ ಧೂಳು ಒರೆಸುವಾಗ ಏಣಿ ಕೈಗೇ ಬಂತು, ಮುರಿದ ಜಾಗ ಬೂದಿ ಬಣ್ಣ, ಬಿಸ್ಕಿಟ್ ಮುರಿದ ಹಾಗೆ ಪುಡಿಪುಡಿ. ಅದು ರಿಪೇರಿ ಆಗುದಿಲ್ಲ, ಈಗ್ಲೂ ಬೇಜಾರುಂಟು. ಹಾಗಾಗಿ ಏಣಿ, ಬಂಪರ್, ಚಕ್ರದ ಮೇಲಿನ ಕಮಾನು, ಈ ತೆಳು ಜಾಗಗಳನ್ನು ಭೂತಗನ್ನಡಿ ಹಿಡಿದು ನೋಡಿ, ಜೇಡರ ಬಲೆಯ ಹಾಗೆ ಗೀರು ಕಂಡ್ರೆ ಎಷ್ಟು ಕಮ್ಮಿಗೆ ಕೊಟ್ರೂ ಬೇಡ. ಒಂದು ಗಾಜಿನ ಮೇಲೆ ಇಟ್ಟು ನೋಡಿ, ಎಲ್ಲಾ ಚಕ್ರ ತಾಗ್ತದಾ, ಬೇಸ್ ಬಾಗಿದೆಯಾ ಗೊತ್ತಾಗ್ತದೆ.

ಮತ್ತೆ ರಿವೆಟ್. ಬೇಸ್ ಮತ್ತು ಬಾಡಿ ಸೇರಿಸಿದ ರಿವೆಟ್‌ನ ತಲೆ ಅಣಬೆಯ ಹಾಗೆ ಚಪ್ಪಟೆ ಆಗಿ ಕೂತಿರ್ಬೇಕು, ಅದನ್ನು ಕೊರೆದು ಸ್ಕ್ರೂ ಹಾಕಿದ್ರೆ ಅಥವಾ ಗೋಂದು ಕಂಡ್ರೆ ಯಾರೋ ಬಿಚ್ಚಿ ಮತ್ತೆ ಪೈಂಟ್ ಹೊಡೆದಿದ್ದಾರೆ ಅಂತಲೇ ಲೆಕ್ಕ. ರೀಪೈಂಟ್ ತಪ್ಪಲ್ಲ, ಆದ್ರೆ ಒರಿಜಿನಲ್ ರೇಟ್ ಕೊಡ್ಬಾರ್ದು. ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದ್ರೆ ಬಾಗಿಲಿನ ಗೆರೆ, ಶಟರ್‌ನ ಪಟ್ಟಿ ಎಲ್ಲ ಚೂಪಾಗಿ ಕಾಣ್ಬೇಕು, ದಪ್ಪ ಕೆಂಪು ಪೈಂಟ್ ತುಂಬಿ ಮುಚ್ಚಿ ಹೋದ್ರೆ ಅಲ್ಲಿಗೇ ಬೆಲೆ ಅರ್ಧ ಅಂತ ನನ್ನ ಲೆಕ್ಕ.

ಹೊಸ ಮಾಡೆಲ್ ಆದ್ರೆ ನೋಡುದು ಬೇರೆ. ಕನ್ನಡಿ, ಏಣಿ ಎಲ್ಲ ಪ್ಲಾಸ್ಟಿಕ್ ಇದ್ರೆ ಅದು ಕಳಪೆ ಅಲ್ಲ, 1:50 ಸ್ಕೇಲ್‌ನಲ್ಲಿ, ಅಂದ್ರೆ ನಿಜವಾದ ಗಾಡಿಯ ಐವತ್ತನೇ ಒಂದು ಅಳತೆಯಲ್ಲಿ, ಏಣಿಯ ಮೆಟ್ಟಿಲನ್ನು ಲೋಹದಲ್ಲಿ ಎರಕ ಹೊಯ್ದ್ರೆ ದಪ್ಪ ಬರ್ತದೆ, ನಿಜವಾದ ಗಾಡಿಯಲ್ಲಿ ಹಾಗಿರುದಿಲ್ಲ. ಮೇಲಿನ ನೀಲಿ ಲೈಟ್ ಪಾರದರ್ಶಕ ತುಂಡಾ ಅಥವಾ ನೀಲಿ ಪೈಂಟ್ ಬಳಿದದ್ದಾ ನೋಡಿ, ಅಕ್ಷರಗಳು ಸ್ಟಿಕರಾ ಪ್ರಿಂಟಾ ಅಂತ ಉಗುರಿನಿಂದ ಮೆಲ್ಲ ಸವರಿ ನೋಡಿ. ಟಯರ್ ಕೂಡ ಮುಖ್ಯ, ಮೆತ್ತನೆ ಟಯರ್‌ನಿಂದ ಎಣ್ಣೆಯ ಹಾಗೆ ಒಸರಿ ಪ್ಲಾಸ್ಟಿಕ್ ರಿಮ್ಮನ್ನೇ ಕರಗಿಸಿದ್ದನ್ನು ಕಂಡಿದ್ದೇನೆ.

ತಗೊಂಡ್ರೆ ಗಾಳಿ ಹೋಗದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿ ಇಡಿ, ನೀಲಿ ಹರಳು ಗುಲಾಬಿ ಆದ ಕೂಡ್ಲೇ ಬದಲಿಸಿ. ಒಳಗೆ ಸ್ಪಂಜು ಇಡ್ಬೇಡಿ, ಅದು ಹಳತಾಗಿ ಪೈಂಟಿಗೆ ಅಂಟ್ತದೆ. ಅಡಿಯದ್ದು ಮತ್ತು ಏಣಿಯ ಬುಡದ್ದು ಎರಡು ಫೋಟೋ ಇಲ್ಲಿ ಹಾಕಿ, ನೋಡಿ ಹೇಳ್ತೇನೆ.