ತಾತನ ಚಾಕು: ಹದ ಕೆಡದಂತೆ ನೋಡಿಕೊಳ್ಳಿ

ಪ್ರಶ್ನೆ: ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನೆಯಲ್ಲಿದ್ದ ನಮ್ಮ ತಾತನವರ ಟ್ರಂಕಿನಲ್ಲಿ ಮಡಚುವ ಚಾಕೊಂದು ಸಿಕ್ಕಿದೆ. ಲೋಹದ ಮೇಲೆ ಬಾಣದ ಗುರುತು, 1943 ಎಂಬ ಅಂಕಿ ಇವೆ. ಬೆನ್ನಿನ ಕಡೆ ದಪ್ಪ ದಬ್ಬಳವಿದೆ. ಕೆಲಸ ಒರಟಾಗಿರುವುದರಿಂದ ಇದು ನಕಲಿಯಿರಬಹುದೇ? ಸಾಣೆ ಹಿಡಿಸಬಹುದೇ? – ಓದುಗರೊಬ್ಬರು, ದಾವಣಗೆರೆ

ಉತ್ತರ: ಆ ಬಾಣ ಬ್ರಿಟಿಷ್ ಸರ್ಕಾರದ ಸ್ವತ್ತಿನ ಗುರುತು. ನಿಮ್ಮ ವಿವರಣೆ, ಇಂಗ್ಲೆಂಡಿನ ಶೆಫೀಲ್ಡ್ ಪಟ್ಟಣದ ಕಾರ್ಖಾನೆಗಳು ಸೈನ್ಯಕ್ಕಾಗಿ ತಯಾರಿಸುತ್ತಿದ್ದ ಚಾಕಿಗೆ ಹೊಂದುತ್ತದೆ. ಅದರ ಬೆನ್ನಿನಲ್ಲಿರುವುದು ನಿಮ್ಮೂರಿನ ಮಂಡಿಯಲ್ಲಿ ಚೀಲ ಹೊಲಿಯುವ ದಬ್ಬಳದಂತೆ ಕಂಡರೂ ಅದಕ್ಕೆ ದಾರ ಪೋಣಿಸುವ ಕಣ್ಣಿಲ್ಲ; ಬಿಗಿದ ಹಗ್ಗದ ಗಂಟು ಸಡಿಲಿಸಲು, ಎಳೆಗಳನ್ನು ಬಿಡಿಸಿ ಹಗ್ಗಕ್ಕೆ ಹಗ್ಗ ಹೆಣೆಯಲು ಅದನ್ನು ಬಳಸುತ್ತಿದ್ದರು.

ಒರಟುತನ ಮಾತ್ರದಿಂದ ನಕಲಿ ಎನ್ನಲಾಗದು. ಅಮೆರಿಕದ ಕ್ಯಾಮಿಲಸ್ ಕಂಪನಿಯೊಂದೇ ಆ ಯುದ್ಧದಲ್ಲಿ 1 ಕೋಟಿ 30 ಲಕ್ಷಕ್ಕೂ ಹೆಚ್ಚು ಚಾಕುಗಳನ್ನು ಪೂರೈಸಿತೆಂದರೆ, ಹೊಳಪಿಗಾಗಿ ಸಮಯ ಕಳೆಯುವ ಸ್ಥಿತಿ ಎಲ್ಲಿತ್ತು? ತೋಟಾಗಳಿಗೆ ಹಿತ್ತಾಳೆ ಬೇಕಾಗಿದ್ದುದರಿಂದ, ಅಲ್ಲಿನ ಅನೇಕ ಸೇನಾ ಚಾಕುಗಳ ಹಿಡಿಯೊಳಗಿನ ತಗಡು ಹಿತ್ತಾಳೆಯ ಬದಲು ಉಕ್ಕಿನದಾಯಿತು.

ಆದರೆ ಹದದಲ್ಲಿ ರಾಜಿಗೆ ಅವಕಾಶವಿರಲಿಲ್ಲ. ಒತ್ತುಯಂತ್ರದಲ್ಲಿ ಕತ್ತರಿಸಿದ ಅಲಗನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಉಕ್ಕು ಗಾಜಿನಂತೆ ಗಡುಸಾಗುತ್ತದೆ, ಹಾಗೆಯೇ ಬಿಟ್ಟರೆ ಗಾಜಿನಂತೆಯೇ ಸಿಡಿಯುತ್ತದೆ. ಆದ್ದರಿಂದ ಅದನ್ನು 200 ಡಿಗ್ರಿಗಿಂತ ತುಸು ಮೇಲೆ ಮತ್ತೆ ಕಾಯಿಸುತ್ತಾರೆ. ಆಗ ಉಜ್ಜಿದ ಮೈಮೇಲೆ ಒಣಹುಲ್ಲಿನ ತಿಳಿ ಹಳದಿ ಮೂಡುತ್ತದೆ. ಅಲಗನ್ನು ಹಿಡಿದಿಡುವ ಬೆನ್ನಿನ ಸ್ಪ್ರಿಂಗು ಮಾತ್ರ ಬಾಗಿಯೂ ಮುರಿಯಬಾರದಾದ್ದರಿಂದ, ಸುಮಾರು 300 ಡಿಗ್ರಿಯಲ್ಲಿ ನೀಲಿ ಬರುವವರೆಗೂ ಕಾಯಿಸುತ್ತಾರೆ. ಎಂಬತ್ತು ವರ್ಷ ಕಳೆದರೂ ನಿಮ್ಮ ಚಾಕು ಟಕ್ಕೆಂದು ನಿಲ್ಲುವುದಾದರೆ, ಆ ಸ್ಪ್ರಿಂಗಿಗೆ ಹದ ಹಾಕಿದ ಕೆಲಸಗಾರರ ಬಗ್ಗೆ ನನಗೆ ಬಹಳ ಗೌರವ.

ಇದಕ್ಕಾಗಿಯೇ ತಿರುಗುವ ಸಾಣೆಗೆ ಕೊಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಚಿತ್ರದುರ್ಗದ ಒಬ್ಬರು ತೋರಿಸಿದ ಇಂಥದೇ ಅಲಗಿನ ಅಂಚು ಸಾಣೆಯ ಬಿಸಿಗೆ ಬೆರಳಗಲ ನೀಲಿಗಟ್ಟಿತ್ತು; ಹಾಗಾದ ಜಾಗದಲ್ಲಿ ಉಕ್ಕು ಮೆತ್ತಗಾಗಿ ಹರಿತ ನಿಲ್ಲುವುದಿಲ್ಲ. ಹರಿತ ಬೇಕೇ ಬೇಕೆಂದರೆ ನೀರು ಹಾಕಿದ ಸಾಣೆಕಲ್ಲಿನ ಮೇಲೆ ಕೈಯಿಂದ ನಿಧಾನವಾಗಿ ಮಸೆಯಿರಿ. ತುಕ್ಕಿಗೆ ಹೊಲಿಗೆ ಯಂತ್ರದ ಎಣ್ಣೆ ಹಚ್ಚಿ, ಒಂದು ದಿನ ಬಿಟ್ಟು ಹತ್ತಿಬಟ್ಟೆಯಲ್ಲಿ ಒರೆಸಿ. ಬಾಣವೂ ಅಂಕಿಯೂ ಇರುವ ಜಾಗಕ್ಕೆ ಉಪ್ಪುಕಾಗದ ತಾಗಿಸಬೇಡಿ.